ತೋಟದ ದಾರಿಯ ಮ್ಯಾರಥಾನ್‌ಗೆ ಇಳಿಜಾರು ಕಲಿತು ಬನ್ನಿ

ಬೆಟ್ಟದ ಮ್ಯಾರಥಾನ್‌ಗೆ ಹೆಸರು ಕೊಟ್ಟವರು ನನ್ನ ಹತ್ತಿರ ಬಂದು ಮೊದಲು ಕೇಳುವುದು ಏರಿನ ವಿಷಯ. "ಅಣ್ಣ, ಏರು ಎಷ್ಟಿದೆ? ಎಲ್ಲೆಲ್ಲಿ ಬರುತ್ತೆ? ಓಡಿ ಹತ್ತಕ್ಕೆ ಆಗುತ್ತಾ?" ಇಳಿಜಾರು ಎಷ್ಟಿದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಏರು ಉಸಿರು ಕೇಳುತ್ತದೆ. ಐದು ನಿಮಿಷ ನಡೆದರೆ ಆ ಉಸಿರು ವಾಪಸ್ ಬರುತ್ತದೆ. ಇಳಿಜಾರು ತೊಡೆ ಕೇಳುತ್ತದೆ, ತೊಡೆ ಹೋದರೆ ಆ ದಿನಕ್ಕೆ ಹೋಯಿತು.

ನಾನು ಚಿಕ್ಕಮಗಳೂರು ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಕುಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ತೂಗಿ ಬರೆದುಕೊಳ್ಳುವುದು, ನಡುವೆ ಬ್ಲಾಕಿನಿಂದ ಬ್ಲಾಕಿಗೆ ಹತ್ತಿ ಇಳಿಯುವುದು ನನ್ನ ಕೆಲಸ. ದಿನಾ ಹತ್ತಿ ಇಳಿಯುವ ಕಾಲು, ಇನ್ನೇನು ಕಲಿಯುವುದಿದೆ ಎಂದುಕೊಂಡೇ ಮೊದಲನೇ ಸಲ ಓಟಕ್ಕೆ ಹೋದೆ. ಶುರುವಿನ ಹದಿನೈದು ಕಿಲೋಮೀಟರಿನಲ್ಲಿ ಎರಡು ಉದ್ದ ಇಳಿಜಾರು. ಬೆಳಗಿನ ಮಂಜು, ಎರಡೂ ಬದಿ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮೈ ಹಗುರ. ಹಿಡಿತ ಬಿಟ್ಟು ಓಡಿದೆ. 31ನೇ ಕಿಲೋಮೀಟರಿನಲ್ಲಿ ಒಂದು ಸಣ್ಣ ಇಳುಕಲು, ಅಂಗಳದಿಂದ ಕೊಟ್ಟಿಗೆಗೆ ಇಳಿಯುವಷ್ಟು. ಅಲ್ಲಿ ಬಲಗಾಲು ಊರಿದರೆ ಮಂಡಿ ನಿಲ್ಲಲಿಲ್ಲ, ಮಡಚಿಕೊಂಡಿತು. ಉಳಿದ ಹನ್ನೊಂದು ಕಿಲೋಮೀಟರ್ ನಡೆದು ಮುಗಿಸಿದೆ. ಆಮೇಲೆ ಮೂರು ದಿನ ಮನೆಯ ಮೆಟ್ಟಿಲನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದೆ. ಹತ್ತುವಾಗ ಹೆಚ್ಚೇನೂ ನೋವಿಲ್ಲ, ಇಳಿಯುವಾಗ ಮಾತ್ರ ಜೀವ ಹೋಗುತ್ತಿತ್ತು. ಪೆಟ್ಟು ಯಾವುದರಿಂದ ಬಿದ್ದಿದೆ ಎಂದು ಅದರಿಂದಲೇ ತಿಳಿಯಿತು.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರ ತಡೆಹಿಡಿಯುತ್ತಲೇ ಹಿಗ್ಗಬೇಕು. ಅಟ್ಟದಿಂದ ಅಕ್ಕಿ ಮೂಟೆಯನ್ನು ಹಗ್ಗ ಕಟ್ಟಿ ನಿಧಾನಕ್ಕೆ ಇಳಿಸುವಾಗ ತೋಳಿಗೆ ಒಂದು ಬಿಗಿ ಬೀಳುತ್ತದಲ್ಲ, ಅದೇ ಇದು. ಹೀಗೆ ಹಿಗ್ಗುತ್ತಾ ಭಾರ ಹೊತ್ತರೆ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ. ಅದರ ನೋವು ಜೋರಾಗುವುದು ಒಂದರಿಂದ ಮೂರು ದಿನದೊಳಗೆ. ಆದರೆ ಒಮ್ಮೆ ಹೀಗೆ ಪೆಟ್ಟು ತಿಂದು ಮಾಗಿದ ತೊಡೆ ಮುಂದಿನ ಕೆಲವು ವಾರ ಅಂಥದೇ ಇಳಿಜಾರಿಗೆ ಅಷ್ಟು ಬೇಗ ಸೋಲುವುದಿಲ್ಲ. ನಿಮ್ಮ ತಯಾರಿ ಪೂರ್ತಿ ಈ ಒಂದು ಗುಣದ ಮೇಲೆ ನಿಂತಿದೆ. ಓಟದ ದಿನ ತಿನ್ನಬೇಕಾದ ಪೆಟ್ಟನ್ನು ಮೊದಲೇ, ಸ್ವಲ್ಪ ಸ್ವಲ್ಪವಾಗಿ ತಿಂದು ಬರಬೇಕು.

ಹೇಗೆ ಇಳಿಯಬೇಕು ಎಂದು ನನಗೆ ಹೇಳಿಕೊಟ್ಟವರು ನಮ್ಮ ತೋಟದಲ್ಲಿ ಹಣ್ಣು ಕುಯ್ಯುವ ಒಬ್ಬ ಅಜ್ಜಿ. ತಲೆಯ ಮೇಲೆ ಹಣ್ಣಿನ ಚೀಲ ಇಟ್ಟುಕೊಂಡು, ಮಳೆ ಬಂದು ಜಾರುವ ಕೆಂಪು ಮಣ್ಣಿನ ಕಾಲುದಾರಿಯಲ್ಲಿ ಕಣದ ಕಡೆ ಇಳಿಯುತ್ತಿದ್ದರು. ಹಿಂದೆ ನಾನು, ಕೈಯಲ್ಲಿ ಪುಸ್ತಕ ಬಿಟ್ಟರೆ ಭಾರವೇ ಇಲ್ಲ, ಆದರೂ ಎರಡು ಸಲ ಜಾರಿದೆ. ತಿರುಗಿ ನೋಡದೆಯೇ ಹೇಳಿದರು: "ರೈಟ್ರೇ, ಹಿಮ್ಮಡಿ ಊರಿ ಬ್ರೇಕ್ ಹಾಕ್ತಾ ಬರ್ತಿದೀರ, ಸದ್ದು ಕೇಳ್ತದೆ. ಸಣ್ಣ ಸಣ್ಣ ಹೆಜ್ಜೆ ಇಡಿ. ಕಾಲಿಟ್ಟಿದ್ದು ನೆಲಕ್ಕೆ ಗೊತ್ತಾಗಬಾರ್ದು."

ಅಜ್ಜಿಯ ಕಾಲನ್ನೇ ನೋಡುತ್ತಾ ಹಿಂದೆ ಇಳಿದೆ. ಮಂಡಿ ಯಾವ ಹೊತ್ತಿಗೂ ನೆಟ್ಟಗಾಗುತ್ತಿರಲಿಲ್ಲ, ಚೂರು ಬಗ್ಗಿಯೇ ಇರುತ್ತಿತ್ತು. ಹೆಜ್ಜೆ ಮೈಗಿಂತ ಮುಂದೆ ಬೀಳುತ್ತಿರಲಿಲ್ಲ, ಸೊಂಟದ ಕೆಳಗೇ ಬೀಳುತ್ತಿತ್ತು. ಒಂದು ಹೆಜ್ಜೆ ಜಾರಿದರೂ ಅಷ್ಟರಲ್ಲಿ ಇನ್ನೊಂದು ಊರಿ ಆಗಿರುತ್ತಿತ್ತು. ಓಡುವಾಗಲೂ ಹೀಗೇ. ಹೆಜ್ಜೆ ಚಿಕ್ಕದು ಮಾಡಿ, ಚುರುಕು ಮಾಡಿ. ಬೆನ್ನು ಹಿಂದಕ್ಕೆ ವಾಲಿಸಬೇಡಿ, ಹೆದರಿಕೆಗೆ ಎಲ್ಲರೂ ಮಾಡುವ ತಪ್ಪು ಅದೇ. ಹಿಂದಕ್ಕೆ ವಾಲಿದರೆ ಹಿಮ್ಮಡಿ ತಾನಾಗಿ ಮುಂದೆ ಬೀಳುತ್ತದೆ, ಪೆಟ್ಟು ನೇರ ಮಂಡಿಗೆ. ಕೈಗಳನ್ನು ಪಕ್ಕೆಗೆ ಒತ್ತದೆ ಸಡಿಲವಾಗಿ ಅಗಲಿಸಿಕೊಳ್ಳಿ, ಗದ್ದೆಯ ಬದುವಿನ ಮೇಲೆ ನಡೆಯುವ ಹಾಗೆ. ಕಣ್ಣು ಕಾಲಿನ ಮೇಲೆ ಬೇಡ, ಹತ್ತು ಹದಿನೈದು ಅಡಿ ಮುಂದೆ ಇರಲಿ. ನಿಮ್ಮ ಹೆಜ್ಜೆಯ ಸದ್ದು ನಿಮಗೇ ದಪ್ ದಪ್ ಎಂದು ಕೇಳಿದರೆ ಅಜ್ಜಿಯ ಮಾತು ನೆನಪು ಮಾಡಿಕೊಳ್ಳಿ.

ಅಭ್ಯಾಸಕ್ಕೆ ಹತ್ತು ಹನ್ನೆರಡು ವಾರ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಸಮತಟ್ಟಿನಲ್ಲಿ ಅರ್ಧ ಮ್ಯಾರಥಾನ್ ದೂರವನ್ನು ಆರಾಮಾಗಿ ಓಡುವಂತಾಗಿರಬೇಕು. ವಾರಕ್ಕೊಂದು ದಿನ ಇಳಿಜಾರಿನ ದಿನ. ಮೊದಲ ವಾರ ಇಳಿಯುವುದು ಒಟ್ಟು ಹತ್ತು ನಿಮಿಷ ಸಾಕು, ಆಮೇಲೆ ವಾರ ವಾರ ಐದೈದು ನಿಮಿಷ ಸೇರಿಸಿ. ಚಿಕ್ಕಮಗಳೂರು ಪಟ್ಟಣದವರಿಗೆ ರತ್ನಗಿರಿ ಬೋರೆ ಇದೆ, ಹಿರೇಕೊಳಲೆ ಕೆರೆಯ ಕಡೆಯ ರಸ್ತೆ ಇದೆ. ಉದ್ದ ಓಟಕ್ಕೆ ಕೈಮರದ ಕಡೆ ಹೋಗಿ. ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ನಡುವೆ ಎಂಟುನೂರಕ್ಕೂ ಹೆಚ್ಚು ಮೀಟರ್ ಏರು ಸಿಗುವ ರಸ್ತೆ ಮನೆ ಬಾಗಿಲಲ್ಲೇ ಇರುವುದು ನಮ್ಮ ಪುಣ್ಯ. ಆದರೆ ಶನಿವಾರ, ಭಾನುವಾರ ಆ ರಸ್ತೆ ಬೇಡ. ಕಿರಿದಾದ ತಿರುವುಗಳಲ್ಲಿ ಪ್ರವಾಸಿಗರ ಗಾಡಿ ಸಾಲುಗಟ್ಟಿರುತ್ತವೆ, ಓಡುವವರಿಗೆ ಕಾಲಿಡಲು ಜಾಗ ಇರುವುದಿಲ್ಲ. ಅರಸೀಕೆರೆ ಕಡೆಯವರು ಮಾಲೇಕಲ್ಲು ತಿರುಪತಿಯ ಮೆಟ್ಟಿಲು ಹತ್ತಿ ಇಳಿಯಬಹುದು. ಕಡೂರಿನಂಥ ಬಯಲಿನವರು ಬೇಸರಪಡಬೇಕಿಲ್ಲ, ಕೆರೆ ಏರಿ ಹತ್ತಿ ಇಳಿದರೂ, ಮೂರು ಮಹಡಿಯ ಮೆಟ್ಟಿಲು ಇಪ್ಪತ್ತು ಸಲ ಇಳಿದರೂ ತೊಡೆಗೆ ಅದೇ ಕೆಲಸ.

ಕೊನೆಯ ಜೋರು ಇಳಿಜಾರನ್ನು ಓಟಕ್ಕೆ ಎರಡೂವರೆ, ಮೂರು ವಾರ ಇರುವಾಗ ಮುಗಿಸಿ. ಪೆಟ್ಟು ಮಾಗಲು ಅಷ್ಟು ಹೊತ್ತು ಬೇಕು, ಅದರ ರಕ್ಷಣೆ ಕಳೆದುಹೋಗುವಷ್ಟು ತಡವೂ ಅಲ್ಲ. ಕೊನೆಯ ವಾರದಲ್ಲಿ ಹೆದರಿಕೊಂಡು ಬೆಟ್ಟಕ್ಕೆ ಹೋಗಿ ಕಾಲು ಕೆಡಿಸಿಕೊಂಡವರನ್ನು ಪ್ರತಿ ಸಲ ನೋಡುತ್ತೇನೆ, ನೋಡಿ ಸಂಕಟವಾಗುತ್ತದೆ.

ಸಮಯದ ಲೆಕ್ಕಕ್ಕೆ ಬರೋಣ. ಸ್ಕಾಟ್ಲೆಂಡಿನಲ್ಲಿ ವಿಲಿಯಂ ನೇಸ್ಮಿತ್ ಎಂಬ ಬೆಟ್ಟ ಹತ್ತುವವರು 1892ರಲ್ಲಿ ಒಂದು ಸೂತ್ರ ಕೊಟ್ಟರು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಜೊತೆಗೆ ಹತ್ತುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ಗುಣಿಸಿ ನೋಡಿದರೆ ಒಂದು ಮೀಟರ್ ಹತ್ತುವುದು ಸುಮಾರು ಎಂಟು ಮೀಟರ್ ಸಮತಟ್ಟು ಹೋದ ಹಾಗೆ. ನಡೆಯುವವರಿಗೆಂದು ಮಾಡಿದ ಲೆಕ್ಕ, ಆದರೆ ಓಟದಲ್ಲೂ ನನಗೆ ಹೆಚ್ಚೂಕಮ್ಮಿ ಕೂಡಿಬಂದಿದೆ. ನೀವು ಓಡುವ ದಾರಿಯಲ್ಲಿ ಒಟ್ಟು ಏರು 900 ಮೀಟರ್ ಇದ್ದರೆ 7.2 ಕಿಲೋಮೀಟರ್ ಸೇರಿಸಿ. ಮ್ಯಾರಥಾನ್‌ನ 42.195 ಕಿಲೋಮೀಟರ್ ನಿಮ್ಮ ಪಾಲಿಗೆ ಐವತ್ತರ ಹತ್ತಿರ ಆಯಿತು. ಬಯಲಿನಲ್ಲಿ ನಾಲ್ಕೂವರೆ ಗಂಟೆಗೆ ಮುಗಿಸುವವರು ಇಲ್ಲಿ ಐದೂಕಾಲು ಗಂಟೆ ಎಂದುಕೊಂಡು ಬರಬೇಕು. ಇಳಿಯುವಾಗ ಆ ಸಮಯ ವಾಪಸ್ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಹಾಗೆ ಲೆಕ್ಕ ಹಾಕಿದವರೇ ಇಳಿಜಾರಿನಲ್ಲಿ ಹಿಡಿತ ಬಿಡುವುದು.

ಏರಿನಲ್ಲಿ ನಡೆಯಿರಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿಲ್ಲ ಎಂದರೆ ಅದು ನಡೆಯುವ ಏರು. ಸ್ವಲ್ಪ ಮುಂದಕ್ಕೆ ಬಾಗಿ, ಕೈಯನ್ನು ತೊಡೆಗೆ ಊರಿ ಒತ್ತುತ್ತಾ, ನಿಲ್ಲದೆ ನಡೆಯಿರಿ. ಗಡಿಯಾರದ ವೇಗ ನೋಡಬೇಡಿ, ಬೆಟ್ಟದಲ್ಲಿ ಆ ಅಂಕಿಗೆ ಅರ್ಥವಿಲ್ಲ.

ಶೂ ಹೊಸದು ಬೇಡ. ಕಡೆಯ ಪಕ್ಷ ನೂರು ಕಿಲೋಮೀಟರ್ ಓಡಿ ಪಳಗಿದ್ದು, ಅಡಿಯಲ್ಲಿ ಹಲ್ಲು ಇರುವುದು ಬೇಕು. ಉಗುರನ್ನು ಮೂರು ದಿನ ಮೊದಲೇ ಕತ್ತರಿಸಿ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಶೂನ ಮೂತಿಗೆ ಬಡಿಯುತ್ತದೆ, ಉಗುರು ಕಪ್ಪಾಗಿ ಬಿದ್ದುಹೋಗುವುದು ಹೀಗೆಯೇ. ಅದನ್ನು ತಡೆಯಲು ಲೇಸ್ ಕಟ್ಟುವ ಒಂದು ರೀತಿ ಇದೆ. ಶೂನ ಮೇಲ್ತುದಿಯಲ್ಲಿ, ಕಣಕಾಲಿನ ಹತ್ತಿರ, ಎಲ್ಲರೂ ಖಾಲಿ ಬಿಡುವ ಒಂದು ತೂತು ಇರುತ್ತದೆ, ನೋಡಿ. ಲೇಸನ್ನು ಅಡ್ಡ ದಾಟಿಸದೆ, ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ. ಪೂರ್ತಿ ಎಳೆಯಬೇಡಿ, ಕಿರುಬೆರಳು ಹಿಡಿಸುವಷ್ಟು ಸಣ್ಣ ಕುಣಿಕೆ ಉಳಿಯಲಿ. ಇನ್ನೊಂದು ಬದಿಯೂ ಹಾಗೆಯೇ. ಈಗ ಎಡಗಡೆಯ ತುದಿಯನ್ನು ಬಲ ಕುಣಿಕೆಯೊಳಗೆ, ಬಲಗಡೆಯದನ್ನು ಎಡ ಕುಣಿಕೆಯೊಳಗೆ ಹಾಕಿ, ಎರಡನ್ನೂ ಕೆಳಕ್ಕೆ, ಹಿಮ್ಮಡಿಯ ಕಡೆ ಎಳೆಯಿರಿ. ಕುಣಿಕೆ ಬಿಗಿದು ಹಿಮ್ಮಡಿ ಶೂನ ಹಿಂಬದಿಗೆ ಕಚ್ಚಿ ಕೂರುತ್ತದೆ. ಆಮೇಲೆ ಎಂದಿನಂತೆ ಗಂಟು. ಇಳಿಜಾರಿನಲ್ಲಿ ಹತ್ತು ಹೆಜ್ಜೆ ಓಡಿ ನೋಡಿ, ಬೆರಳು ಮುಂದೆ ತಾಗಿದರೆ ಬಿಚ್ಚಿ ಇನ್ನೊಮ್ಮೆ ಕಟ್ಟಿ.

ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಒಂದೇ ಮಾತು. "ರೀ, ಕಡುಬಿಗೆ ಕೋಳಿ ಸಾರು ಮಾಡ್ಲಾ?" ಬೇಡ, ಓಟ ಮುಗಿದ ಮೇಲೆ ಮಾಡು ಎನ್ನುತ್ತೇನೆ. ರಾತ್ರಿ ಅನ್ನ, ತಿಳಿಸಾರು. ಬೆಳಿಗ್ಗೆ ಓಟಕ್ಕೆ ಎರಡೂವರೆ ಗಂಟೆ ಮೊದಲು ಎರಡು ಕಡುಬು, ಬೆಲ್ಲ, ಒಂದು ಲೋಟ ಕಾಫಿ. ನಿಮ್ಮ ಹೊಟ್ಟೆಗೆ ಯಾವುದು ಒಗ್ಗಿದೆಯೋ ಅದನ್ನೇ ತಿನ್ನಿ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ, ಪಿಷ್ಟದ ಆಹಾರ ಹೊಟ್ಟೆಗೆ ಬೀಳಬೇಕು. ದೊಡ್ಡ ಪಚ್ಚಬಾಳೆ ಒಂದರಲ್ಲಿ 25 ಗ್ರಾಂ ಹತ್ತಿರ ಸಿಗುತ್ತದೆ, ಪುಟ್ಟಬಾಳೆಯಾದರೆ ಎರಡು ಬೇಕು. ನಾನು ಬೆಲ್ಲದ ಅಚ್ಚು ಒಡೆದು, ಅಡಿಕೆ ಗಾತ್ರದ ಚೂರುಗಳನ್ನು ಪುಟ್ಟ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇನೆ. ಕಡಲೆ ಚಿಕ್ಕಿ ಮೊದಲರ್ಧಕ್ಕೆ ಸರಿ, ಆಮೇಲೆ ಬಾಯಿ ಒಣಗಿ ಅಗಿಯಲು ಆಗುವುದಿಲ್ಲ. ನೀರು ಬಾಯಾರಿದಾಗ ಕುಡಿಯಿರಿ. ಭಯಕ್ಕೆ ಲೀಟರುಗಟ್ಟಲೆ ಬರೀ ನೀರು ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ಸುತ್ತಿ, ವಾಂತಿಯಾಗಿ, ಪ್ರಾಣಕ್ಕೇ ಕುತ್ತು ಬರಬಹುದು. ಓಆರ್‌ಎಸ್ ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಒಂದು ಲೀಟರಿಗೇ ಕಲಸಿ, ಬಾಟಲಿ ಚಿಕ್ಕದು ಎಂದು ಅರ್ಧ ಲೀಟರಿಗೆ ಸುರಿಯಬೇಡಿ. ನೋವಿನ ಮಾತ್ರೆ ನುಂಗಿ ಓಡುವುದು ಬೇಡವೇ ಬೇಡ. ಬೆವರು ಹರಿದು ನೀರು ಕಡಿಮೆಯಾದ ಮೈಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂತ್ರಪಿಂಡಕ್ಕೆ ಹೊಡೆತ.

ನವೆಂಬರಿನಿಂದ ಫೆಬ್ರವರಿವರೆಗೆ ಓಡಲು ಹವೆ ಚೆನ್ನ, ಆದರೆ ಅದೇ ನಮ್ಮ ಕುಯ್ಲಿನ ಕಾಲ. ಬೆಳಿಗ್ಗೆ ಆಳುಗಳನ್ನು ತುಂಬಿಕೊಂಡ ಜೀಪು, ಪಿಕಪ್ಪು ತೋಟದ ರಸ್ತೆಯಲ್ಲಿ ಓಡಾಡುತ್ತವೆ. ದಾರಿ ಬಿಟ್ಟುಕೊಡಿ, ಅವರು ದುಡಿಯಲು ಹೊರಟವರು. ಕಣದಲ್ಲಿ ಹರವಿದ ಕಾಫಿ ತುಳಿಯಬೇಡಿ, ತಿಂಡಿಯ ಪ್ಲಾಸ್ಟಿಕ್ಕನ್ನು ಗಿಡದ ಬುಡಕ್ಕೆ ಎಸೆಯಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಒಂದು ವಾರ ಹತ್ತು ದಿನಕ್ಕೆ ಗುಡ್ಡವೆಲ್ಲ ಬೆಳ್ಳಗಾಗಿ ಮಲ್ಲಿಗೆಯ ಹಾಗೆ ಘಮಘಮಿಸುತ್ತದೆ. ಅಭ್ಯಾಸಕ್ಕಾದರೂ ಆ ದಿನಗಳಲ್ಲಿ ಒಮ್ಮೆ ಬನ್ನಿ, ಎಂಟು ಗಂಟೆಯೊಳಗೆ ಮುಗಿಸಿ, ಬಿಸಿಲು ಜೋರು. ಮಳೆಗಾಲದಲ್ಲಿ ಸಿಮೆಂಟ್ ರಸ್ತೆ ಪಾಚಿ ಕಟ್ಟಿರುತ್ತದೆ, ಅದರ ಮೇಲೆ ಓಡುವ ಬದಲು ಅಂಚಿನ ಹುಲ್ಲಿನ ಮೇಲೆ ಓಡಿ. ಇಂಬಳಕ್ಕೆ ಕಾಲುಚೀಲಕ್ಕೆ ಉಪ್ಪು ಸವರಿಕೊಳ್ಳಿ, ಕಚ್ಚಿದರೆ ಎಳೆದು ಕೀಳಬೇಡಿ, ಉಗುರಿನಿಂದ ಪಕ್ಕಕ್ಕೆ ಸರಿಸಿ.

ಆನೆಯ ವಿಷಯದಲ್ಲಿ ಮಾತ್ರ ಧೈರ್ಯ ತೋರಿಸಬೇಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಆನೆ ಓಡಾಡುತ್ತವೆ, ಜನ ಪ್ರಾಣ ಕಳೆದುಕೊಂಡಿದ್ದಾರೆ. ಅಭ್ಯಾಸಕ್ಕೆ ಬೆಳಕು ಪೂರ್ತಿ ಹರಿಯುವ ಮುಂಚೆ ಹೊರಡಬೇಡಿ, ಒಬ್ಬರೇ ಬೇಡ, ಕಿವಿಗೆ ಇಯರ್‌ಫೋನ್ ಬೇಡ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ಕಳಿಸುವ ಸಂದೇಶ ಊರಿನವರ ಮೊಬೈಲಿಗೆ ಬಂದಿರುತ್ತದೆ, ಅಂಗಡಿಯಲ್ಲಿ ಕೇಳಿಕೊಂಡೇ ಮುಂದೆ ಹೋಗಿ. ದಾರಿಯಲ್ಲಿ ಹಸಿ ಲದ್ದಿ ಕಂಡರೆ, ಬೈನೆ ಮರ ಸೀಳಿ ಬಿದ್ದಿದ್ದರೆ, ಆ ದಿನದ ಓಟ ಅಲ್ಲಿಗೆ ಮುಗಿಯಿತು, ಬಂದ ದಾರಿಯಲ್ಲೇ ಸದ್ದಿಲ್ಲದೆ ವಾಪಸ್.

ಓಟದ ದಿನಕ್ಕೆ ನಾನು ದಾರಿಯನ್ನು ಮೂರು ಪಾಲು ಮಾಡುತ್ತೇನೆ. 15ರವರೆಗೆ ಎಲ್ಲರೂ ನನ್ನನ್ನು ದಾಟಿ ಹೋಗಲಿ, ಇಳಿಜಾರಿನಲ್ಲೂ ಅಜ್ಜಿಯ ಹೆಜ್ಜೆಯೇ. 15ರಿಂದ 30ರವರೆಗೆ ತಿನ್ನುವುದು, ಕುಡಿಯುವುದು ತಪ್ಪದ ಹಾಗೆ ನೋಡಿಕೊಳ್ಳುವುದು. ಕೊನೆಯ ಹನ್ನೆರಡರಲ್ಲಿ ತೊಡೆಗೆ ಶಕ್ತಿ ಉಳಿದಿದ್ದರೆ ಆಗ ಇಳಿಜಾರಿನಲ್ಲಿ ಸಡಿಲ ಬಿಡುತ್ತೇನೆ. ನಾಲ್ಕನೇ ಮ್ಯಾರಥಾನ್‌ನಲ್ಲಿ ಮೊದಲ ಸಲ ಹಾಗೆ ಬಿಟ್ಟೆ. ಎದುರಿಗೆ ಕಣಿವೆ, ಮಂಜು ಕರಗಿ ಗಿರಿಯ ಸಾಲು ಪೂರ್ತಿ ಕಾಣುತ್ತಿತ್ತು, ಕಾಲು ನನ್ನ ಮಾತು ಕೇಳುತ್ತಿತ್ತು. ಕಣ್ಣಲ್ಲಿ ನೀರು ಬಂತು.

ಮುಗಿದ ತಕ್ಷಣ ಕುಳಿತುಬಿಡಬೇಡಿ, ಹತ್ತು ನಿಮಿಷ ಅಡ್ಡಾಡಿ. ಒದ್ದೆ ಬಟ್ಟೆ ಬದಲಿಸಿ, ಬೆವರು ಆರಿದ ಮೇಲೆ ಗಾಳಿಗೆ ಮೈ ನಡುಗುತ್ತದೆ. ಮೊದಲ ಎರಡು ದಿನ ತೊಡೆಯನ್ನು ಗಟ್ಟಿಯಾಗಿ ತಿಕ್ಕಿಸಿಕೊಳ್ಳಬೇಡಿ, ನಿಧಾನಕ್ಕೆ ನಡೆದಾಡಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಆ ಕ್ಷಣವೇ ಡಾಕ್ಟರ ಹತ್ತಿರ ಹೋಗಿ. ಶೂವನ್ನು ತೊಳೆದು ಒಲೆಯ ಹತ್ತಿರ ಇಡಬೇಡಿ, ಅಂಟು ಬಿಟ್ಟು ಅಟ್ಟೆ ಕಳಚುತ್ತದೆ. ಒಳಗೆ ಹಳೆಯ ಪೇಪರ್ ಉಂಡೆ ಮಾಡಿ ತುರುಕಿ ನೆರಳಿನಲ್ಲಿಟ್ಟು, ರಾತ್ರಿ ಮಲಗುವ ಮುಂಚೆ ಒಮ್ಮೆ ಪೇಪರ್ ಬದಲಿಸಿ. ನಮ್ಮ ಕಡೆಯ ಥಂಡಿಗೆ ಒಣಗಲು ಎರಡು ದಿನ ಬೇಕು.