ರೇಡಿಯೇಟರ್ ಒಳಗಿನ ಕಿಲುಬು ತೆಗೆಯುವುದು ಹೇಗೆ?

ವಾಟರ್ ಕೂಲಿಂಗ್ ಇರುವ ಕಂಪ್ಯೂಟರ್‌ನಲ್ಲಿ ಕಿಲುಬು ಕಂಡ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಬಿಸಿಯಾದ ದ್ರವವನ್ನು ತಣಿಸುವ ರೇಡಿಯೇಟರ್ ಬಿಚ್ಚಿ, ವಿನೆಗರ್ ತುಂಬಿಸಿ, ರಾತ್ರಿಯಿಡೀ ಹಾಗೇ ಬಿಡುತ್ತಾರೆ. ಬೆಳಿಗ್ಗೆ ಎರಡು ಸಲ ನಲ್ಲಿ ನೀರಲ್ಲಿ ಕುಲುಕಿ ಮತ್ತೆ ಜೋಡಿಸುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಹೊಸ ಕೂಲಂಟ್ (ಒಳಗೆ ಸುತ್ತುವ ದ್ರವ) ಹಸಿರಾಗುತ್ತದೆ. ಆಗ ಬೈಗುಳ ತಿನ್ನುವುದು ಕೂಲಂಟ್. ಮೂಲೆಯಲ್ಲಿ ಉಳಿದ ಆಸಿಡ್ ಒಳಗೆ ತಾಮ್ರವನ್ನು ಕರಗಿಸುತ್ತಲೇ ಇರುತ್ತದೆ, ಅದು ಯಾರಿಗೂ ಕಾಣುವುದಿಲ್ಲ. ಈ ಕೆಲಸದಲ್ಲಿ ಆಸಿಡ್‌ಗೆ ಅರ್ಧ ಗಂಟೆ ಸಾಕು. ತೊಳೆಯುವುದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.

ಮೊದಲು ಏನಾಗಿದೆ ಅಂತ ನೋಡಿ

ಎಲ್ಲ ಕೊಳೆಯೂ ಕಿಲುಬಲ್ಲ. ತಾಮ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಬರೀ ಮಂಕು, ತಣ್ಣಗಾಗಿಸುವ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ, ಬಿಟ್ಟುಬಿಡಿ. ಹಸಿರು ಅಥವಾ ನೀಲಿ-ಹಸಿರು ಪುಡಿ ಇದ್ದರೆ ಅದು ಕಿಲುಬು. ಬಿಳಿಯಾಗಿ, ಮೇಣದ ಹಾಗೆ ಅಂಟಂಟಾಗಿದ್ದರೆ ಅದು ಮೆತ್ತನೆಯ ಪಿವಿಸಿ ಟ್ಯೂಬ್‌ನಿಂದ ಹೊರಬಂದ ಪ್ಲಾಸ್ಟಿಸೈಜರ್, ಅಂದರೆ ಪ್ಲಾಸ್ಟಿಕ್ ಮೆತ್ತಗಿರಲು ಸೇರಿಸುವ ವಸ್ತು. ಅದಕ್ಕೆ ಎಷ್ಟು ಆಸಿಡ್ ಸುರಿದರೂ ಏನೂ ಆಗುವುದಿಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಬ್ರಷ್, ಇಷ್ಟೇ ಮದ್ದು. ಟ್ಯೂಬನ್ನೂ ಬದಲಾಯಿಸಿ, ಇಲ್ಲದಿದ್ದರೆ ಮತ್ತೆ ಬರುತ್ತದೆ.

ಬೂದು-ಬಿಳಿ ಹರಳು, ಅದರ ಕೆಳಗೆ ಸಣ್ಣ ಸಣ್ಣ ಗುಳಿ ಕಂಡರೆ ಅದು ಅಲ್ಯೂಮಿನಿಯಂ. ತಾಮ್ರ ಮತ್ತು ಅಲ್ಯೂಮಿನಿಯಂ ಒಂದೇ ನೀರಿನಲ್ಲಿ ಇದ್ದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ. ತೊಳೆದರೆ ಅದು ನಿಲ್ಲುವುದಿಲ್ಲ. ಆ ಭಾಗವನ್ನೇ ತೆಗೆದುಹಾಕಬೇಕು. ಅನುಮಾನ ಇದ್ದರೆ ಫಿಟ್ಟಿಂಗ್ (ಟ್ಯೂಬ್ ಜೋಡಿಸುವ ತಿರುಪಿನ ಭಾಗ) ಕೂರುವ ಥ್ರೆಡ್ ಒಳಗೆ ಸೂಜಿಯಿಂದ ಮೆಲ್ಲಗೆ ಗೀಚಿ ನೋಡಿ. ಹಳದಿ ಅಥವಾ ಕೆಂಪು ಕಂಡರೆ ಹಿತ್ತಾಳೆ, ತಾಮ್ರ. ಎಷ್ಟು ಗೀಚಿದರೂ ಬೆಳ್ಳಗೇ ಇದ್ದು, ಕೈಯಲ್ಲಿ ಹಗುರ ಅನ್ನಿಸಿದರೆ ಅಲ್ಯೂಮಿನಿಯಂ. ಕಂಪನಿಯಿಂದಲೇ ಸೀಲ್ ಆಗಿ ಬರುವ ರೆಡಿಮೇಡ್ ಕೂಲರ್‌ಗಳಲ್ಲಿ ಸಾಮಾನ್ಯವಾಗಿ ರೇಡಿಯೇಟರ್ ಅಲ್ಯೂಮಿನಿಯಂನದೇ ಇರುತ್ತದೆ. ಅವನ್ನು ಬಿಚ್ಚಲೇಬೇಡಿ. ಇಲ್ಲಿ ಹೇಳುವುದೆಲ್ಲ ತಾಮ್ರ-ಹಿತ್ತಾಳೆಯ ರೇಡಿಯೇಟರ್‌ಗೆ.

ಬಿಚ್ಚುವುದು ಸುಲಭ. ಕರೆಂಟ್ ತೆಗೆಯಿರಿ, ಕೂಲಂಟ್ ಬಸಿಯಿರಿ, ಒಂದು ಫೋಟೋ ತೆಗೆದುಕೊಂಡು ಎಲ್ಲ ಬೇರೆ ಮಾಡಿ.

ರೇಡಿಯೇಟರ್: ಇಲ್ಲೇ ಎಲ್ಲರೂ ಎಡವುವುದು

ರೇಡಿಯೇಟರ್ ಒಳಗೆ ಚಪ್ಪಟೆಯಾದ ಕಿರಿದಾದ ಕೊಳವೆಗಳು ಸಾಲಾಗಿ ಇರುತ್ತವೆ. ಎರಡೂ ತುದಿಗೆ ಡಬ್ಬಿಯಂಥ ಭಾಗ. ಎಲ್ಲ ಬೆಸುಗೆಯಿಂದ ಕೂಡಿಸಿದ್ದು. ಬ್ರಷ್ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ. ಆದ್ದರಿಂದ ಹೊರಬರುವ ನೀರನ್ನು ನೋಡಿಯೇ ಒಳಗಿನದನ್ನು ತಿಳಿದುಕೊಳ್ಳಬೇಕು.

ಮೊದಲು ಬರೀ ಬಿಸಿನೀರು. ಕೈ ತಡೆಯುವಷ್ಟು ಬಿಸಿ ಸಾಕು, ಕುದಿಯುವ ನೀರು ಬೇಡ. ಅರ್ಧ ಮಾತ್ರ ತುಂಬಿಸಿ. ಪೂರ್ತಿ ತುಂಬಿಸಿದರೆ ಎಷ್ಟು ಕುಲುಕಿದರೂ ನೀರು ಒಳಗೆ ಅಲ್ಲಾಡುವುದಿಲ್ಲ, ಕೈನೋವು ಮಾತ್ರ ಜಾಸ್ತಿ. ರೇಡಿಯೇಟರ್‌ನ ಬಾಯಿಗಳನ್ನು (ಫಿಟ್ಟಿಂಗ್ ಕೂರುವ ತೂತುಗಳನ್ನು) ಮುಚ್ಚಿ, ಎರಡೂ ತುದಿಯನ್ನು ಒಂದರ ನಂತರ ಒಂದು ಮೇಲೆ ಮಾಡಿ ಜೋರಾಗಿ ಕುಲುಕಿ. ನಂತರ ಬಿಳಿ ಬಟ್ಟೆಯ ಮೂಲಕ ಸುರಿಯಿರಿ. ಬಟ್ಟೆಯ ಮೇಲೆ ಕಪ್ಪು ಪುಡಿ, ಹಸಿರು ಚೂರು, ಕೆಲವೊಮ್ಮೆ ಸಾಸಿವೆಗಿಂತ ಸಣ್ಣ ಹೊಳೆಯುವ ಬೆಸುಗೆ ಗುಂಡುಗಳು ಸಿಗುತ್ತವೆ. ಬಟ್ಟೆ ಶುಚಿಯಾಗಿ ಉಳಿಯುವವರೆಗೆ ಇದನ್ನೇ ಮಾಡಿ. ಹೊಸ ರೇಡಿಯೇಟರ್‌ಗೂ ಇದು ಬೇಕು, ಬೆಸುಗೆಗೆ ಹಾಕಿದ ಫ್ಲಕ್ಸ್ ಒಳಗೆ ಉಳಿದಿರುತ್ತದೆ.

ಈಗ ಆಸಿಡ್. ನನ್ನ ಆಯ್ಕೆ ಸಿಟ್ರಿಕ್ ಆಸಿಡ್ ಪುಡಿ: 1 ಲೀಟರ್ ಬೆಚ್ಚಗಿನ ನೀರಿಗೆ 20ರಿಂದ 30 ಗ್ರಾಂ. ವಾಸನೆ ಇಲ್ಲ, ಅಳತೆ ತಪ್ಪುವುದಿಲ್ಲ. ವಿನೆಗರ್ ಮಾತ್ರ ಇದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಮತ್ತೆ ಅರ್ಧ ತುಂಬಿಸಿ, 15 ನಿಮಿಷ ಆಗಾಗ ಕುಲುಕಿ, ಗಾಜಿನ ಪಾತ್ರೆಗೆ ಸುರಿಯಿರಿ. ನೀರು ನೀಲಿ-ಹಸಿರಾಗಿದ್ದರೆ ಕಿಲುಬು ಕರಗಿದೆ. ಬಣ್ಣ ಗಾಢವಾಗಿದ್ದರೆ ಹೊಸ ದ್ರಾವಣದಲ್ಲಿ ಇನ್ನೊಂದು 15 ನಿಮಿಷ. ಮೂರನೆಯ ಸಲ ಬೇಡ. ಕಿಲುಬು ಮುಗಿದ ಮೇಲೆ ಆಸಿಡ್ ಸುಮ್ನೆ ಇರುವುದಿಲ್ಲ, ಬೆಸುಗೆಗೂ ಹಿತ್ತಾಳೆಯ ಸತುವಿಗೂ ಕೈ ಹಾಕುತ್ತದೆ.

ಅಡ್ಡದಾರಿಗಳ ಬಗ್ಗೆ ಒಂದು ಮಾತು. ಬೇಗ ಆಗಲಿ ಅಂತ ಆಸಿಡ್‌ಗೆ ಉಪ್ಪು ಸೇರಿಸಬೇಡಿ, ಉಪ್ಪಿನ ಕ್ಲೋರೈಡ್ ಲೋಹದಲ್ಲಿ ಗುಳಿ ಬೀಳಿಸುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಹತ್ತಿರವೂ ತರಬೇಡಿ. ಕೋಲಾ ಸುರಿದರೆ ಆಸಿಡ್ ಜೊತೆಗೆ ಸಕ್ಕರೆಯೂ ಒಳಗೆ ಅಂಟುತ್ತದೆ. ಬ್ಲೀಚ್ ಅಂತೂ ಬೇಡವೇ ಬೇಡ. ಅದು ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ವಿಷ.

ಆಸಿಡ್ ಬಸಿದ ಮೇಲೆ ನಲ್ಲಿ ನೀರು ಧಾರಾಳವಾಗಿ ಹರಿಸಿ. ಆಮೇಲೆ 1 ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿ ಹಾಕಿ. ಈ ಹೊತ್ತಿನಲ್ಲಿ ಬಾಯಿಗಳನ್ನು ಮುಚ್ಚಬೇಡಿ. ಉಳಿದ ಆಸಿಡ್ ಜೊತೆ ಸೋಡಾ ನೊರೆಯೇಳುತ್ತದೆ, ಮುಚ್ಚಿದರೆ ಒತ್ತಡ ಏರಿ ನೀರು ಮುಖಕ್ಕೇ ಚಿಮ್ಮುತ್ತದೆ. ಬಾಯಿಗೆ ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚರಚರ ಅನ್ನುವ ಸದ್ದು ಕೇಳುತ್ತದೆ. ಆ ಸದ್ದು ಪೂರ್ತಿ ನಿಂತ ಮೇಲೆ ಬಸಿಯಿರಿ.

ಇನ್ನು ತೊಳೆಯುವುದು. ಮೊದಲು ನಲ್ಲಿ ನೀರು ಐದಾರು ಸಲ, ನಂತರ ಡಿಸ್ಟಿಲ್ಡ್ ವಾಟರ್ ಮೂರು-ನಾಲ್ಕು ಸಲ. ಪ್ರತಿ ಸಲ ಬಾಯಿ ಇರುವ ಮೂಲೆಯನ್ನು ಎಲ್ಲಕ್ಕಿಂತ ಕೆಳಗೆ ಮಾಡಿ, ಹನಿ ನಿಲ್ಲುವವರೆಗೆ ಹಿಡಿಯಿರಿ. ಖಾಲಿಯಾಯಿತು ಅಂದುಕೊಂಡ ಮೇಲೂ ತಿರುಗಿಸಿದರೆ ಇನ್ನೂ ಒಂದೆರಡು ಚಮಚ ಬರುತ್ತದೆ. ಕೆಡಿಸುವುದು ಆ ಒಂದೆರಡು ಚಮಚವೇ.

ಮುಗಿಯಿತು ಅಂತ ಗೊತ್ತಾಗುವುದು ಹೇಗೆ? ಕೊನೆಯ ಡಿಸ್ಟಿಲ್ಡ್ ವಾಟರನ್ನು ಒಂದು ಗಂಟೆ ಒಳಗೇ ಬಿಡಿ. ನಂತರ ಬಿಳಿ ಕಪ್‌ಗೆ ಸುರಿದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಲವಣ ಅಳೆಯುವ ಸಾಧನ) ಅದ್ದಿ. ಬಾಟಲಿಯಲ್ಲಿರುವ ಹೊಸ ನೀರಿನ ಅಂಕಿಗಿಂತ ಎರಡು-ಮೂರು ಪಿಪಿಎಂ ಹೆಚ್ಚಿದ್ದರೆ ಪರವಾಗಿಲ್ಲ. ಹತ್ತು-ಇಪ್ಪತ್ತು ಏರಿದ್ದರೆ ಮತ್ತೆ ತೊಳೆಯಿರಿ. ಪಿಎಚ್ ಪಟ್ಟಿ ಮಾತ್ರ ಇದ್ದರೆ 7 ಬರಲಿ ಅಂತ ಕಾಯಬೇಡಿ. ಗಾಳಿಗೆ ತೆರೆದಿಟ್ಟ ಡಿಸ್ಟಿಲ್ಡ್ ವಾಟರ್ ಕಾರ್ಬನ್ ಡೈ ಆಕ್ಸೈಡ್ ಹೀರಿಕೊಂಡು ಸುಮಾರು 5.5ರಿಂದ 6ಕ್ಕೆ ಇಳಿದಿರುತ್ತದೆ. ಹೊಸ ನೀರಿನಲ್ಲೂ ಒಂದು ಪಟ್ಟಿ ಅದ್ದಿ, ಎರಡರ ಬಣ್ಣ ಒಂದೇ ಇದೆಯಾ ನೋಡಿ.

ಬಾಯಿಯ ಸುತ್ತ ಹಿತ್ತಾಳೆಯ ಹಳದಿ ಹೋಗಿ ಅಲ್ಲಲ್ಲಿ ಗುಲಾಬಿ ಕಲೆ ಕಂಡರೆ ಒಳಗಿನ ಸತು ಹೊರಟುಹೋಗಿದೆ ಅಂತ ಅರ್ಥ. ಅಲ್ಲಿ ಲೋಹ ಟೊಳ್ಳಾಗಿರುತ್ತದೆ. ಅಂಥ ರೇಡಿಯೇಟರ್ ಮೇಲೆ ಮತ್ತೆ ನಂಬಿಕೆ ಇಡಬೇಡಿ.

ಫಿಟ್ಟಿಂಗ್‌ಗಳು, ಬ್ಲಾಕ್

ಫಿಟ್ಟಿಂಗ್‌ಗಳು ಹೆಚ್ಚಾಗಿ ಹಿತ್ತಾಳೆ, ಮೇಲೆ ನಿಕಲ್ ಅಥವಾ ಕ್ರೋಮ್ ಲೇಪ. ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ತೆಗೆದು ಸೋಪು ನೀರಲ್ಲಿ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಥ್ರೆಡ್‌ನ ತಳದಲ್ಲಿ ಹಸಿರು ಉಳಿದರೆ ಹತ್ತಿಕಡ್ಡಿಯಿಂದ ಅಷ್ಟೇ ಜಾಗಕ್ಕೆ ಸಿಟ್ರಿಕ್ ನೀರು ಮುಟ್ಟಿಸಿ, ಕೂಡಲೇ ತೊಳೆಯಿರಿ. ಇಡೀ ಫಿಟ್ಟಿಂಗನ್ನು ಆಸಿಡ್‌ನಲ್ಲಿ ಮುಳುಗಿಸಿದರೆ ಲೇಪ ಎದ್ದು ಬರಬಹುದು. ತಿರುಗುವ ಫಿಟ್ಟಿಂಗ್‌ಗಳ ಒಳಗೂ ಓ-ರಿಂಗ್ ಇರುತ್ತದೆ, ಅಲ್ಲಿ ಆಸಿಡ್ ಸೇರಿದರೆ ಹೊರಗೆ ಬರುವುದಿಲ್ಲ. ಸ್ಟೀಲ್ ವುಲ್ ಬೇಡ. ಅಮೋನಿಯ ಇರುವ ಪಾಲಿಶ್ ಕೂಡ ಬೇಡ, ಬಿಗಿದ ಹಿತ್ತಾಳೆಯನ್ನು ಅಮೋನಿಯ ಬಿರುಕು ಬಿಡಿಸುತ್ತದೆ. ಓ-ರಿಂಗ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ಓ-ರಿಂಗ್ ಕೂರುವ ಜಾಗದಲ್ಲೇ ಲೇಪ ಕಿತ್ತಿದ್ದರೆ ಫಿಟ್ಟಿಂಗನ್ನೇ ಎಸೆಯಿರಿ.

ಬ್ಲಾಕ್ ಅಂದರೆ ಪ್ರೊಸೆಸರ್‌ನಂಥ ಚಿಪ್ ಮೇಲೆ ಕೂತು ಬಿಸಿ ಹೀರುವ ಭಾಗ. ಅದಕ್ಕೆ ನಿಕಲ್ ಲೇಪ ಇದ್ದರೆ ಆಸಿಡ್ ಬೇಡ. ಬರೀ ತಾಮ್ರವಾದರೆ ಸಿಟ್ರಿಕ್ ನೀರು, ಮೆತ್ತನೆಯ ಬ್ರಷ್, ನೀರು ಹರಿಯಲು ಕೊರೆದ ಗೀರುಗಳ ಉದ್ದಕ್ಕೇ ಉಜ್ಜಿ. ಅಕ್ರಿಲಿಕ್ ಮುಚ್ಚಳಕ್ಕೆ ಸ್ಪಿರಿಟ್ ತಾಗಿಸಬೇಡಿ, ಬಿರುಕು ಬಿಡುತ್ತದೆ.

ಮತ್ತೆ ಜೋಡಿಸುವಾಗ ಫಿಟ್ಟಿಂಗ್‌ಗಳನ್ನು ಕೈಯಲ್ಲಿ ಬಿಗಿ ಮಾಡಿದರೆ ಸಾಕು. ಪವರ್ ಸಪ್ಲೈನಿಂದ ಪಂಪ್‌ಗೆ ಮಾತ್ರ ಕರೆಂಟ್ ಕೊಟ್ಟು, ಪ್ರತಿ ಫಿಟ್ಟಿಂಗ್ ಕೆಳಗೆ ಟಿಶ್ಯೂ ಇಟ್ಟು ಕೆಲವು ಗಂಟೆ ಓಡಿಸಿ, ಒಂದು ಹನಿ ಬಿದ್ದರೂ ಟಿಶ್ಯೂ ಹೇಳುತ್ತದೆ.

ಕೂಲಂಟ್ ವಿಷಯದಲ್ಲಿ ನಾನು ಗಟ್ಟಿ. ಬಣ್ಣವಿಲ್ಲದ್ದನ್ನೇ ಹಾಕಿ, ಅದರಲ್ಲಿ ಕಿಲುಬು ತಡೆಯುವ ಅಂಶ ಇರಲಿ. ಹಾಲಿನಂಥ ಕೂಲಂಟ್‌ನ ಕಣಗಳು ಕಿರಿದಾದ ಜಾಗಗಳಲ್ಲಿ ಕೂತುಬಿಡುತ್ತವೆ, ಅದರ ಹಿಂದೆ ಕಿಲುಬು ಇದ್ದರೂ ಕಾಣುವುದಿಲ್ಲ. ಎರಡು ವಾರ ಬಿಟ್ಟು ರಿಸರ್ವಾಯರ್ (ಕೂಲಂಟ್ ಟ್ಯಾಂಕ್) ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ತುಸು ಹಸಿರು ಕಂಡರೆ ಕೂಲಂಟ್ ಬಸಿದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ಸಲ ಓಡಿಸಿ, ಹೊಸದು ತುಂಬಿಸಿ. ಆಮೇಲೂ ಹಸಿರು ಬಂದರೆ ರೇಡಿಯೇಟರನ್ನು ಮತ್ತೆ ಬಿಚ್ಚಿ, ಈ ಸಲ ಆಸಿಡ್ ಮುಟ್ಟದೆ ಟಿಡಿಎಸ್ ಅಂಕಿ ಇಳಿಯುವವರೆಗೆ ಬರೀ ತೊಳೆಯಿರಿ.