ಸಜ್ಜಾದಲ್ಲೊಂದು ಕಂದು ಗೆರೆ

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಾಳಿ ನದಿ ಸಮುದ್ರ ಸೇರುವ ಜಾಗ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಗೋಡೆ ಚಿರೇಕಲ್ಲಿನದು, ಸ್ಲ್ಯಾಬು, ಸಜ್ಜಾ ಮಾತ್ರ ಕಾಂಕ್ರೀಟು. ಪಡುವಣ ಕಿಟಕಿಯ ಸಜ್ಜಾದ ಮುಂದಂಚಿಗೆ ಉದ್ದಕ್ಕೂ ಬಿರುಕು ಬಿಟ್ಟಿತ್ತು, ಸ್ಕೇಲಿಟ್ಟು ಎಳೆದ ಹಾಗೆ. ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆ: ವೈಟ್ ಸಿಮೆಂಟ್ ಕಲಸಿ ಬೆರಳಲ್ಲಿ ತಿಕ್ಕಿ, ಮೇಲೊಂದು ಕೋಟ್ ಬಣ್ಣ. ಒಂದೇ ಮಳೆಗಾಲಕ್ಕೆ ಆ ಪಟ್ಟಿ ಹಪ್ಪಳದಂತೆ ಎದ್ದು ಬಂತು. ತಿರುವಿ ನೋಡಿದರೆ ಬೆನ್ನಿಗೆಲ್ಲ ತುಕ್ಕಿನ ಪುಡಿ.

ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೇರ ಬಿರುಕಿದ್ದು, ಅಂಚಿನಲ್ಲಿ ಕಂದು ಕಲೆಯೂ ಇದ್ದರೆ ಒಳಗಿನ ಸರಳು ಉಬ್ಬುತ್ತಿದೆ ಎಂದೇ ಲೆಕ್ಕ. ಉಪ್ಪುಗಾಳಿ ಒಳಗಿಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು ಜಾಗ ಬೇಕು, ಅದು ಕಾಂಕ್ರೀಟನ್ನು ಒಳಗಿಂದ ಒದೆಯುತ್ತದೆ. ಹೊರಗಿನಿಂದ ಮೆತ್ತಿ ಏನು ಬಂತು?

2024ರ ಆಗಸ್ಟಿನಲ್ಲಿ ಕಾಳಿಯ ಹಳೆ ಸೇತುವೆ ಕುಸಿದ ಮೇಲಂತೂ ನಮ್ಮ ಕೇರಿಯಲ್ಲಿ ತಲೆಯೆತ್ತಿ ಸಜ್ಜಾ ನೋಡದವರಿಲ್ಲ. ಆ ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ನಾನೂ ಉಳಿ ಹಿಡಿದೆ. ಅದಕ್ಕೆ ಮುಂಚೆ ಏಣಿ ಹತ್ತಿ, ಸಜ್ಜಾ ಗೋಡೆಗೆ ಕೂಡುವಲ್ಲಿ ಮೇಲ್ಮೈ ನೋಡಿದೆ. ಸಜ್ಜಾದ ಭಾರ ಹೊರುವ ಸರಳುಗಳು ಮೇಲ್ಗಡೆ ಇರುತ್ತವೆ. ಅಲ್ಲಿ ಬಿರುಕಿದ್ದಿದ್ದರೆ ಕೈ ಹಾಕುತ್ತಿರಲಿಲ್ಲ, ಎಂಜಿನಿಯರನ್ನು ಕರೆಯುತ್ತಿದ್ದೆ.

ಸಣ್ಣ ಸುತ್ತಿಗೆಯಿಂದ ಕುಟ್ಟುತ್ತ ಹೋದೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪೊಳ್ಳಾದಲ್ಲಿ ಖಾಲಿ ಡಬ್ಬ ಬಡಿದಂತೆ. ಪೊಳ್ಳಿಗೆಲ್ಲ ಸೀಮೆಸುಣ್ಣದ ಗುರುತು ಹಾಕಿದೆ. ಬಿರುಕು ಮೂರಡಿ, ಗುರುತು ಆರಡಿ! ಒಡೆದಾಗ ಸಿಕ್ಕ ಎಂಟು ಎಂಎಂ ಸರಳಿನ ಮೇಲೆ ಕಿರುಬೆರಳ ದಪ್ಪವೂ ಕಾಂಕ್ರೀಟಿರಲಿಲ್ಲ. ಕಾಂಕ್ರೀಟು ಸುರಿಯುವಾಗ ಸರಳನ್ನು ಅಚ್ಚಿನಿಂದ ದೂರ ಹಿಡಿಯುವ ಕವರ್ ಬ್ಲಾಕಿನ ಬದಲು ಜಲ್ಲಿ ಚೂರು ಕೊಟ್ಟು ಮುಗಿಸಿದ್ದರು. ಕರಾವಳಿಯ ಬಯಲಿಗೊಡ್ಡಿದ ಕಾಂಕ್ರೀಟಿನಲ್ಲಿ ಸರಳಿನ ಮೇಲಿನ ಹೊದಿಕೆಗೆ ಐಎಸ್ 456, ಅಂದರೆ ಕಾಂಕ್ರೀಟಿನ ಭಾರತೀಯ ಮಾನದಂಡ, ಹೇಳುವುದು 45 ಎಂಎಂ.

ಹೆಚ್ಚಿನವರು ತಪ್ಪುವುದು ಇಲ್ಲಿ. ಸರಳಿನ ಮುಂಭಾಗ ಕಂಡರೆ ಸಾಲದು, ಹಿಂದೆ ಬೆರಳು ತೂರುವಷ್ಟು ಕೆತ್ತಬೇಕು. ಬೆನ್ನಿಗೆ ತುಕ್ಕು ಉಳಿದರೆ ಮತ್ತದೇ ಕತೆ. ತಂತಿ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ಕಬ್ಬಿಣ ಹೊಳೆದ ಮೇಲೆ ಸಿಹಿನೀರಿನಲ್ಲಿ ತೊಳೆದೆ. ನಮ್ಮ ಬಾವಿಯ ನೀರು ಚಪ್ಪೆಯಲ್ಲ, ಬೇಸಿಗೆ ಬಂತೆಂದರೆ ಉಪ್ಪುಪ್ಪು, ಹಾಗಾಗಿ ನಲ್ಲಿ ನೀರು. ಸರಳು ಒಣಗಿದ ಕೂಡಲೇ ಝಿಂಕ್ ಪ್ರೈಮರ್. ಅದು ಒಣಗಿದ ಮರುದಿನ ಹಳೆ ಕಾಂಕ್ರೀಟನ್ನು ನೆನೆಸಿ, ಹಾಲಿನಂಥ ರಬ್ಬರ್ ದ್ರಾವಣವಾದ ಎಸ್‌ಬಿಆರ್ ಬೆರೆಸಿದ ಸಿಮೆಂಟಿನ ಗಂಜಿ ಬಳಿದೆ. ಗಂಜಿ ಅಂಟಂಟಾಗಿರುವಾಗಲೇ ಗಾರೆ ಒತ್ತಬೇಕು. ಸಿಮೆಂಟ್ ಒಂದು, ತೊಳೆದ ಮರಳು ಮೂರು. ನೀರಿಗೆ ಡಬ್ಬದ ಮೇಲಿನ ಅಳತೆಯಂತೆ ಎಸ್‌ಬಿಆರ್. ಒಂದೇ ಸಲ ದಪ್ಪ ತುಂಬಿದರೆ ಜೋತು ಬೀಳುತ್ತದೆ, ಮೂರು ಪದರ ಮಾಡಿದೆ.

ಏಳು ದಿನ ನೀರು ಬಿಡಿ ಎಂದು ಮೇಸ್ತ್ರಿ ಅಂದ. ಬರೀ ಸಿಮೆಂಟಿಗೆ ಅದು ಸರಿ. ಎಸ್‌ಬಿಆರ್ ಗಾರೆ ಎರಡು ದಿನ ಒದ್ದೆ ಗೋಣಿಯಡಿ ಇದ್ದು, ಆಮೇಲೆ ಗಾಳಿಗೆ ಒಣಗಬೇಕು. ಅಷ್ಟೇ ಮಾಡಿದೆ.

ಗೋಡೆ ಮತ್ತು ಸ್ಲ್ಯಾಬಿನ ನಡುವಿನ ಬಿರುಕು ಬೇರೆ ಜಾತಿ, ಬಿಸಿಲಿಗೆ ಆಡುತ್ತದೆ. ಅದಕ್ಕೆ ರಬ್ಬರಿನಂತೆ ಹಿಗ್ಗುವ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿದೆ.

ಕಳೆದ ಮಳೆಗಾಲ ಮುಗಿದ ಮೇಲೆ ಮತ್ತೆ ಏಣಿ ಹತ್ತಿದೆ. ತೇಪೆ ಕಲ್ಲಿನಂತಿದೆ. ಅದರಿಂದ ಒಂದು ಗೇಣು ಆಚೆ, ನಾನು ಮುಟ್ಟದ ಹಳೆ ಕಾಂಕ್ರೀಟಿನಲ್ಲಿ, ತೆಳ್ಳನೆ ಕಂದು ಗೆರೆ. ಉಪ್ಪು ಅಲ್ಲಿ ಉಳಿದೇ ಇದೆಯಲ್ಲ. ತೇಪೆ ಹಾಕಿದ ಭಾಗ ಚೆನ್ನಾಗಿದ್ದಷ್ಟೂ ತುಕ್ಕು ಪಕ್ಕದ ಮನೆಗೆ ಹೋಗುತ್ತದೆ. ಗೆರೆಯ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೀಟು ಹಾಕಿ ತಾರೀಕು ಬರೆದು ಇಳಿದೆ.