ಇಂದ್ರಪುಷ್ಪಕ್ಕೆ ಹತ್ತು ಅಡಿಯ ಚಪ್ಪರ

ಇಂದ್ರಪುಷ್ಪದ ಬಳ್ಳಿ ಬೇಕೆಂದು ಬರುವವರಿಗೆ ನಾನು ಮೊದಲು ಕೇಳುವುದು ಒಂದೇ ಮಾತು: ನಿಮ್ಮ ಚಪ್ಪರ ಎಷ್ಟು ಎತ್ತರ ಇದೆ? ಆರೇಳು ಅಡಿ ಎಂದರೆ ಕಡ್ಡಿ ಕೊಡುವುದಿಲ್ಲ, ಚಪ್ಪರ ಏರಿಸಿಕೊಂಡು ಬನ್ನಿ ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಆದರೆ ಮಲ್ಲಿಗೆಯಂತೆ, ಜಾಜಿಯಂತೆ ಬಳ್ಳಿಯ ಮೈತುಂಬ ಅರಳುವ ಹೂವಲ್ಲ ಇದು. ಬಳ್ಳಿ ಮೇಲೇರಿ ಹರಡಿಕೊಂಡ ಮೇಲೆ ಗೊಂಚಲು ಕೆಳಗೆ ಇಳಿಯುತ್ತದೆ. ಎರಡು ಅಡಿ, ಮೂರು ಅಡಿ ಇಳಿಯುತ್ತದೆ. ಅದು ಗಾಳಿಗೆ ತೂಗಾಡಲು ಜಾಗವೇ ಇಲ್ಲದಿದ್ದರೆ ಇಷ್ಟು ಕಷ್ಟಪಟ್ಟು ಬೆಳೆಸಿ ಏನು ಸುಖ? ಇಷ್ಟನ್ನು ತಿಳಿಯಲು ನನಗೆ ಐದು ವರ್ಷ ಬೇಕಾಯಿತು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ದಾಟಿ ಒಳಗಿದೆ. ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನಬೆಟ್ಟ. ಆರಿದ್ರಾ ಮಳೆ ಹಿಡಿದರೆ ಮಖೆ ಮುಗಿಯುವವರೆಗೂ ಅಂಗಳ ಒಣಗುವುದಿಲ್ಲ. ಚಳಿಗಾಲದ ಬೆಳಗಿನಲ್ಲಿ ಅಡಿಕೆಯ ಸೋಗೆಯಿಂದ ಇಬ್ಬನಿ ಮಳೆಯಂತೆ ತೊಟ್ಟಿಕ್ಕುತ್ತದೆ. ಇಂಥಲ್ಲಿ ಬೋಗನ್‌ವಿಲ್ಲಾ ನೆಟ್ಟೆ; ಎಲೆ ಬಿಟ್ಟಿತು, ಬಣ್ಣ ಬಿಡಲಿಲ್ಲ. ಹತ್ತಿಸಿದ ಗುಲಾಬಿ ಎಲೆಗೆಲ್ಲ ಕಪ್ಪು ಚುಕ್ಕೆ ಬಂದು ಬೋಳಾಯಿತು. ಆಗ ಕೊಪ್ಪದ ಚಿಕ್ಕಮ್ಮ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬೇರೊಡೆದ ಈ ಕಡ್ಡಿ ಕೊಟ್ಟರು. "ಹೊರಗಿನದಕ್ಕೆಲ್ಲ ಯಾಕೆ ಒದ್ದಾಡುತ್ತೀಯ? ಇದು ನಮ್ಮ ಘಟ್ಟದ್ದೇ" ಎಂದರು.

ಅವರ ಮಾತು ನಿಜ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಥನ್‌ಬರ್ಜಿಯಾ ಮೈಸೂರೆನ್ಸಿಸ್. ಮೊದಲರ್ಧ ಲಿನಿಯಸ್‌ನ ಶಿಷ್ಯನಾಗಿದ್ದ ಸ್ವೀಡನ್ನಿನ ಕಾರ್ಲ್ ಪೀಟರ್ ಥನ್‌ಬರ್ಗ್‌ನದು, ಉಳಿದರ್ಧ ನಮ್ಮ ಮೈಸೂರಿನದು. ಹುಟ್ಟಿದ್ದು ಮಾತ್ರ ಪಶ್ಚಿಮ ಘಟ್ಟದ ಕಾಡಿನ ಅಂಚಿನಲ್ಲಿ. ಹಿಮ ಬೀಳುವ ನಾಡುಗಳಲ್ಲಿ ಇದನ್ನು ಗಾಜಿನ ಮನೆಯೊಳಗೆ ಬೆಚ್ಚಗೆ ಇಟ್ಟು ಸಾಕುತ್ತಾರೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಇದಕ್ಕೆ ತನ್ನ ಗಾರ್ಡನ್ ಮೆರಿಟ್ ಪ್ರಶಸ್ತಿಯನ್ನೂ ಕೊಟ್ಟಿದೆ. ನಮ್ಮ ಬೇಲಿಯಾಚೆಯ ಕಾಡಿನ ಬಳ್ಳಿಗೆ ಅಷ್ಟು ದೂರದಲ್ಲಿ ಅಂಥ ಆರೈಕೆ ಸಿಗುತ್ತಿದೆ, ಇಲ್ಲಿನ ಎಷ್ಟೋ ಮನೆಯಂಗಳದಲ್ಲಿ ಅದು ಇಲ್ಲ ಎಂದು ತಿಳಿದ ದಿನ ನನಗೆ ನಿಜಕ್ಕೂ ನೋವಾಗಿತ್ತು.

ಮೊದಲ ವರ್ಷ ನಾನು ಅದನ್ನು ಜಂಬಿಟ್ಟಿಗೆ ಗೋಡೆಯ ಬುಡದಲ್ಲಿ ನೆಟ್ಟೆ. ಮೆಣಸಿನ ಬಳ್ಳಿ ಸಾಕಿ ಅಭ್ಯಾಸವಾದ ಕೈ. ಮೆಣಸು ಗಿಣ್ಣುಗಿಣ್ಣಿಗೆ ಬೇರು ಬಿಟ್ಟು ಮರಕ್ಕೆ ಅಂಟಿಕೊಂಡು ಏರುವಂತೆ ಇದೂ ಏರುತ್ತದೆ ಎಂದುಕೊಂಡೆ. ಇದಕ್ಕೆ ಅಂಟುಬೇರೂ ಇಲ್ಲ, ಸೋರೆ ಹಾಗಲಕ್ಕೆ ಇರುವಂಥ ಹಿಡಿತದ ಎಳೆಯೂ ಇಲ್ಲ. ಕಾಂಡವೇ ಸುತ್ತಿಕೊಂಡು ಮೇಲೇರಬೇಕು. ಹಿಡಿಯಲು ಏನೂ ಸಿಗದೆ ಗೋಡೆಯ ಬುಡದಲ್ಲೇ ಸಿಂಬೆಯಂತೆ ಸುತ್ತಿಕೊಂಡು ಬಿದ್ದಿತ್ತು. ತೆಂಗಿನ ನಾರಿನ ಹಗ್ಗ ಕಟ್ಟಿದೆ. ಚೆನ್ನಾಗಿ ಹತ್ತಿತು, ಆದರೆ ಒಂದೇ ಮಳೆಗಾಲಕ್ಕೆ ಹಗ್ಗ ಕೊಳೆತು ಬಳ್ಳಿ ಕುಸಿಯಿತು. ಈಗ ಬೇಗ ತುಕ್ಕು ಹಿಡಿಯದ, ಸತು ಲೇಪಿಸಿದ ಜಿ.ಐ. ತಂತಿಯನ್ನೇ ನೆಲದಿಂದ ಚಪ್ಪರಕ್ಕೆ ಎಳೆದು ಕಟ್ಟುತ್ತೇನೆ.

ಎರಡನೆಯ ಜಾಗ ಅಂಗಳದ ಪೂರ್ವದ ಅಂಚು. ಬೆಳಗಿನ ಬಿಸಿಲು ಹನ್ನೊಂದರವರೆಗೆ ಬೀಳುತ್ತದೆ, ಆಮೇಲೆ ಹಲಸಿನ ಮರದ ನೆರಳು. ಈ ಬಳ್ಳಿಗೆ ಇದು ಹೇಳಿ ಮಾಡಿಸಿದಂಥ ಜಾಗ. ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದು, ಬೆಟ್ಟದ ಮೇಲ್ಮಣ್ಣು ಎರಡು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಹೊಳೆಯ ಮರಳು ಒಂದು ಪಾಲು ಬೆರೆಸಿ ತುಂಬಿದೆ. ನೆಲಮಟ್ಟಕ್ಕೆ ನಿಲ್ಲಿಸಲಿಲ್ಲ, ಒಂದಡಿ ದಿಬ್ಬ ಏರಿಸಿ ಅದರ ಮೇಲೆ ಗಿಡ ಇಟ್ಟೆ, ಪಕ್ಕದಲ್ಲಿ ಬಸಿಗಾಲುವೆ ತೆಗೆದೆ. ಮಲೆನಾಡಿನಲ್ಲಿ ಇದನ್ನು ಬೆಳೆಸುವವರು ಉಳಿದೆಲ್ಲವನ್ನು ಮರೆತರೂ ಈ ದಿಬ್ಬವನ್ನು ಮರೆಯಬಾರದು. ಬಳ್ಳಿಗೆ ತೇವ ಇಷ್ಟ, ನಿಂತ ನೀರು ಆಗುವುದಿಲ್ಲ. ಬೇಸಿಗೆಯಲ್ಲಿ ಬುಡಕ್ಕೆ ದರಗು, ಅಂದರೆ ಒಣಗಿದ ಎಲೆ, ಹೊದಿಸಿ ವಾರಕ್ಕೆ ಎರಡು ಸಲ ನೀರು ಕೊಡುತ್ತೇನೆ. ಮಳೆ ಶುರುವಾಗುತ್ತಲೇ ದರಗನ್ನು ಕಾಂಡದಿಂದ ಒಂದು ಗೇಣು ದೂರ ಸರಿಸುತ್ತೇನೆ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ದಿನ ಉಳಿದ ಬೋರ್ಡೋ ದ್ರಾವಣವನ್ನು ಇದರ ಬುಡಕ್ಕೂ ಒಂದಿಷ್ಟು ಸಿಂಪಡಿಸುತ್ತೇನೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ; ಅಡಿಕೆಗೆ ಹೊಡೆಯುವ ಅದೇ ಶೇಕಡಾ ಒಂದರ ಹದ.

ಚಪ್ಪರದ ಕತೆ ಬೇರೆಯೇ ಇದೆ. ಮೊದಲ ಚಪ್ಪರಕ್ಕೆ ಮನೆಯಲ್ಲೇ ಸಿಗುವ, ಅಡಿಕೆ ಮರ ಸೀಳಿದ ದಬ್ಬೆ ಬಳಸಿದೆ, ಎತ್ತರ ಏಳು ಅಡಿ. ಎರಡು ವರ್ಷದಲ್ಲಿ ಬಳ್ಳಿ ಅದನ್ನು ಮುಚ್ಚಿತು. ಮೂರನೆಯ ವರ್ಷ ಪುಷ್ಯ ಮಳೆಯ ಒಂದು ರಾತ್ರಿ ನೆನೆದ ಎಲೆಯ ಭಾರಕ್ಕೆ ದಬ್ಬೆ ಮುರಿದು ಇಡೀ ಚಪ್ಪರ ಮಲಗಿತು. ಬೆಳಿಗ್ಗೆ ಹೋಗಿ ನೋಡಿದರೆ ಹೆಬ್ಬೆರಳು ದಪ್ಪದ ಕಾಂಡ ಬುಡದಿಂದ ಒಂದು ಮಾರು ಮೇಲೆ ಸೀಳಿತ್ತು. ಸೀಳಿನ ಕೆಳಗೆ ಕತ್ತರಿಸಿ ಬಿಟ್ಟೆ. ಹದಿನೈದು ದಿನದಲ್ಲಿ ಮೂರು ಕಡೆ ಹೊಸ ಕುಡಿ ಹೊಡೆಯಿತು. ಈ ಬಳ್ಳಿ ಗಟ್ಟಿಗಿತ್ತಿ ಎಂದು ಅವತ್ತೇ ಗೊತ್ತಾಯಿತು. ಆ ಬೇಸಿಗೆಯಲ್ಲಿ ಕಲ್ಲುಕಂಬ ನಿಲ್ಲಿಸಿ, ಮೇಲೆ ಕಬ್ಬಿಣದ ಪೈಪು ಹಾಸಿ, ಹತ್ತು ಅಡಿಗೆ ಚಪ್ಪರ ಕಟ್ಟಿಸಿದೆ. ಕುಡಿ ಚಪ್ಪರ ಮುಟ್ಟುವವರೆಗೆ ಪಕ್ಕದ ಚಿಗುರನ್ನೆಲ್ಲ ತೆಗೆದೆ. ಮುಟ್ಟಿದ ಮೇಲೆ ತುದಿ ಚಿವುಟಿದೆ, ಅಲ್ಲಿಂದ ಕವಲೊಡೆದು ಹರಡಿತು.

ಸವರುವ ಕಾಲವನ್ನು ತಪ್ಪಿದ್ದೂ ಉಂಟು. ನಮ್ಮಲ್ಲಿ ಇದು ಕಾರ್ತಿಕದಿಂದ ಫಾಲ್ಗುಣದವರೆಗೆ ಹೂ ಬಿಡುತ್ತದೆ. ಒಂದು ವರ್ಷ ದೀಪಾವಳಿಗೆ ಅಂಗಳ ಚೊಕ್ಕಟ ಮಾಡುವ ಉತ್ಸಾಹದಲ್ಲಿ ಇಳಿಬಿದ್ದ ಎಳೆಗಳನ್ನೆಲ್ಲ ಕತ್ತರಿಸಿದೆ. ಮಳೆಗಾಲವಿಡೀ ಬೆಳೆದು ಬಲಿತು, ಹೂ ಕೊಡಲು ನಿಂತಿದ್ದ ಎಳೆಗಳು ಅವು. ಆ ಚಳಿಗಾಲ ಚಪ್ಪರದಲ್ಲಿ ಹಸಿರು ಬಿಟ್ಟು ಬೇರೇನೂ ಕಾಣಲಿಲ್ಲ. ಹೂವಿನ ಕಾಲ ಮುಗಿದು ಮಳೆ ಹಿಡಿಯುವ ಮೊದಲು, ಅಂದರೆ ಏಪ್ರಿಲ್ ಕೊನೆಯಿಂದ ಮೇ ಒಳಗೆ ಸವರಿದರೆ ಮಳೆಯ ನೀರುಂಡು ಹೊಸ ಎಳೆ ಬರುತ್ತದೆ, ಅದೇ ಮುಂದೆ ಹೂ ಹೊರುತ್ತದೆ.

ಹೂವನ್ನು ಒಂದು ಸಲ ಹತ್ತಿರ ನಿಂತು ನೋಡಬೇಕು. ದಾರದಂಥ ದಂಟಿನ ಎರಡು ಬದಿಗೆ ಮೊಗ್ಗು. ಪ್ರತಿ ಮೊಗ್ಗನ್ನೂ ಕಂದುಗೆಂಪಿನ ಎರಡು ಪಕಳೆಯಂಥ ಹೊದಿಕೆಗಳು ಅಂಗೈ ಜೋಡಿಸಿದಂತೆ ಹಿಡಿದಿರುತ್ತವೆ. ಅವು ಬಿಚ್ಚಿಕೊಂಡರೆ ಒಳಗಿನಿಂದ ಅರಿಸಿನ ಬಣ್ಣದ ಕೊಳವೆ. ಬಾಯಿಯ ಅಂಚು ಕಡುಗೆಂಪು, ಕೆಳತುಟಿ ಹಿಂದಕ್ಕೆ ಮಡಚಿ, ಮೇಲ್ತುಟಿ ಹೆಡೆಯಂತೆ ಎದ್ದು ನಿಂತಿರುತ್ತದೆ. ಕೇಸರಗಳು ಆ ಹೆಡೆಯ ಅಡಿಯಲ್ಲಿವೆ. ಸೂರಕ್ಕಿ ದಂಟನ್ನು ಹಿಡಿದು, ಕೊಕ್ಕನ್ನು ಕೊಳವೆಗೆ ಇಳಿಸಿ ತಲೆ ಒತ್ತಿದಾಗ ಹಣೆಗೆ ಪರಾಗ ಬಳಿಯುತ್ತದೆ. ಮುಂದಿನ ಹೂವಿಗೆ ಹೋಗುವಾಗ ಆ ಹಣೆಯ ಹಳದಿ ನನಗೆ ಜಗುಲಿಯಿಂದಲೇ ಕಾಣುತ್ತದೆ. ನಮ್ಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ, ಬೆನ್ನು ಕೆಂಪಗಿರುವ ಪುಟ್ಟ ಸೂರಕ್ಕಿಯೂ ಬರುತ್ತದೆ. ಕರಿಯ ದೊಡ್ಡ ದುಂಬಿ ಮಾತ್ರ ಬಾಯಿಯಿಂದ ಒಳಗೆ ಹೋಗದೆ ಕೊಳವೆಯ ಬುಡವನ್ನೇ ತೂತು ಮಾಡಿ ಮಕರಂದ ಹೀರುತ್ತದೆ. ಉದುರಿದ ಹೂವನ್ನು ಎತ್ತಿ ನೋಡಿದರೆ ಆ ತೂತು ಸಿಗುತ್ತದೆ.

ರೋಗ ಕೀಟದ ಕಾಟ ಕಡಿಮೆ. ಫೆಬ್ರವರಿ ದಾಟಿದರೆ ಎಲೆಯಡಿ ನುಸಿ, ಗಿಣ್ಣಿನಲ್ಲಿ ಹಿಟ್ಟುತಿಗಣೆ ಕಾಣಬಹುದು. ನೀರನ್ನು ರಭಸವಾಗಿ ಬಿಟ್ಟು ತೊಳೆದು, ಸೋಪುನೀರಿಗೆ ಬೇವಿನೆಣ್ಣೆ ಬೆರೆಸಿ ಸಂಜೆ ಹೊಡೆದರೆ ಸಾಕು. ಹೂವಿಗೆ ಹೊಡೆಯಬೇಡಿ.

ಗಿಡ ಮಾಡಿಕೊಳ್ಳುವವರು ದಯವಿಟ್ಟು ಕಾಡಿನಿಂದ ಕಿತ್ತು ತರಬೇಡಿ. ಕಿತ್ತ ಬಳ್ಳಿ ಬದುಕುವುದು ಕಷ್ಟ, ಕಾಡಿಗೂ ನಷ್ಟ. ಹಸ್ತಾ ಮಳೆಯ ಹೊತ್ತಿಗೆ ಪೆನ್ಸಿಲ್ ದಪ್ಪದ, ತೀರ ಎಳಸೂ ಅಲ್ಲದ ಬಲಿತೂ ಇರದ ಎಳೆಯನ್ನು ಎರಡು ಗಿಣ್ಣಿಗೆ ಒಂದರಂತೆ ಕತ್ತರಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಊರಿ, ಬುಡ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಮುಚ್ಚಿಡುತ್ತೇನೆ. ಹೋದ ಸಲ ಹನ್ನೆರಡು ಕಡ್ಡಿಯಲ್ಲಿ ಐದು ಬೇರೊಡೆದವು. ಅದಕ್ಕಿಂತ ಖಾತ್ರಿ ದಾರಿ, ಕೆಳಗಿನ ಒಂದು ಎಳೆಯನ್ನು ಬಗ್ಗಿಸಿ, ಗಿಣ್ಣನ್ನು ಮಣ್ಣಿಗೆ ಒತ್ತಿ ಮೇಲೊಂದು ಕಲ್ಲಿಡುವುದು. ಮಳೆಗಾಲ ಮುಗಿಯುವಷ್ಟರಲ್ಲಿ ಬೇರು ಬಂದಿರುತ್ತದೆ. ಇದರ ಬದಲಿಗೆ ಇದರದೇ ಬಳಗದ, ದೊಡ್ಡ ನೀಲಿ ಹೂವಿನ ಥನ್‌ಬರ್ಜಿಯಾ ನೆಡಲು ಹೊರಟವರಿಗೆ ಬೇಡ ಎನ್ನುತ್ತೇನೆ. ಅದು ಗೆಡ್ಡೆಬೇರು ಬಿಟ್ಟು, ಎಷ್ಟು ಕಡಿದರೂ ಚಿಗುರಿ, ಮರವನ್ನೇ ಮುಚ್ಚಿಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ ಅದು ಕಳೆ.

ಈ ವರ್ಷ ಏಪ್ರಿಲ್‌ನಲ್ಲಿ ಕತ್ತರಿ ಹಿಡಿದು ಏಣಿ ಹತ್ತಿದಾಗ ಚಪ್ಪರದ ಬಡಗು ಮೂಲೆಯ ಎಳೆಯೊಂದಕ್ಕೆ ಸೂರಕ್ಕಿ ಗೂಡು ಕಟ್ಟಿತ್ತು. ಜೇಡರಬಲೆ, ಒಣ ತೊಗಟೆ, ನಾರು ಸೇರಿಸಿ ನೇಯ್ದ ಜೋತಾಡುವ ಚೀಲ. ಏಣಿ ಇಳಿದು ಬಂದೆ. ಮರಿಗಳು ಹಾರಿದ್ದು ಮೇ ಮೂರನೆಯ ವಾರದಲ್ಲಿ. ರೋಹಿಣಿ ಮಳೆಗೆ ಎರಡು ದಿನ ಇರುವಾಗ ಚಪ್ಪರವನ್ನೆಲ್ಲ ಸವರಿ ಮುಗಿಸಿದೆ. ಆ ಮೂಲೆಯ ಎಳೆಯನ್ನು ಗೂಡಿನ ಸಮೇತ ಹಾಗೆಯೇ ಬಿಟ್ಟಿದ್ದೇನೆ.